ಅಸಲಿ ನಾಣ್ಯ, ದುಡ್ಡು ಕೊಟ್ಟು ತಂದ ಪೂರ್ವಾಪರ: ಬ್ರೂಟಸ್ ನಾಣ್ಯದ ಪ್ರಕರಣ

2020ರ ಅಕ್ಟೋಬರ್ 29. ಲಂಡನ್ನಿನ ರೋಮಾ ನ್ಯೂಮಿಸ್ಮ್ಯಾಟಿಕ್ಸ್ ಎಂಬ ಸಂಸ್ಥೆಯ ಹರಾಜಿಗೆ ಎಂಟು ಗ್ರಾಂ ಆಸುಪಾಸಿನ ಒಂದು ಚಿನ್ನದ ನಾಣ್ಯ ಬಂತು. ಅಂದಾಜು ಬೆಲೆ 5 ಲಕ್ಷ ಪೌಂಡ್. ಕೂಗು ಮುಗಿಯುವ ಹೊತ್ತಿಗೆ, ಸಂಸ್ಥೆಯ ಕಮಿಷನ್ ಸೇರಿ, ಬೆಲೆ 32 ಲಕ್ಷ 40 ಸಾವಿರ ಪೌಂಡ್ ಮುಟ್ಟಿತ್ತು. ಆಗಿನ ಲೆಕ್ಕದಲ್ಲಿ ಸುಮಾರು 31 ಕೋಟಿ ರೂಪಾಯಿ. ಪ್ರಾಚೀನ ನಾಣ್ಯಗಳ ಹರಾಜಿನಲ್ಲಿ ಆಗ ಅದು ದಾಖಲೆ.

ಎರಡೂವರೆ ವರ್ಷ ತುಂಬುವುದರೊಳಗೆ ಆ ನಾಣ್ಯ ನ್ಯೂಯಾರ್ಕಿನ ತನಿಖಾ ಘಟಕದ ಕೈ ಸೇರಿತು. ಅಲ್ಲಿಂದ ಗ್ರೀಸ್ ಸರ್ಕಾರಕ್ಕೆ ಹೋಯಿತು. ಹರಾಜು ಸಂಸ್ಥೆಯ ಮಾಲೀಕ ರಿಚರ್ಡ್ ಬೀಲ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು.

ನಾಣ್ಯ ನಕಲಿಯೇ ಅಂತ ಯಾರಿಗೂ ಅನುಮಾನ ಇರಲಿಲ್ಲ, ಈಗಲೂ ಇಲ್ಲ. ಅದು ಅಪ್ಪಟ ಅಸಲಿ. ಸುಳ್ಳಾಗಿದ್ದದ್ದು ಅದರ ಜೊತೆಗಿದ್ದ ಕಾಗದ. ನಾಣ್ಯ ಸಂಗ್ರಹಿಸುವ ನಾವೆಲ್ಲ ಮೊದಲು ಕೇಳುವುದು "ಇದು ಒರಿಜಿನಲ್ಲಾ?" ಅಂತ ತಾನೆ? "ಇದು ಇಷ್ಟು ದಿನ ಯಾರ ಹತ್ತಿರ ಇತ್ತು?" ಅಂತ ಕೇಳುವವರು ಕಡಿಮೆ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಆ ಎರಡನೇ ಪ್ರಶ್ನೆಯೇ ಕಾರಣ.

ನಾಣ್ಯದ ಮೇಲೆ ಏನಿದೆ

ಮುಂಬದಿಯಲ್ಲಿ, ರೋಮ್‌ನ ಆಡಳಿತಗಾರ ಜೂಲಿಯಸ್ ಸೀಸರ್‌ನನ್ನು ಕೊಂದವರಲ್ಲಿ ಒಬ್ಬನಾದ ಬ್ರೂಟಸ್‌ನ ತಲೆ. ಸುತ್ತ ಅವನ ಹೆಸರು, ಸೇನಾಪತಿ ಎಂಬ ಬಿರುದು, ಜೊತೆಗೆ ನಾಣ್ಯ ಹೊಡೆಸಿದ ಅಧಿಕಾರಿ ಲೂಸಿಯಸ್ ಪ್ಲೇಟೋರಿಯಸ್ ಸೆಸ್ಟಿಯಾನಸ್‌ನ ಹೆಸರು, ಎಲ್ಲವೂ ಸಂಕ್ಷಿಪ್ತ ರೂಪದಲ್ಲಿ. ಹಿಂಬದಿ ತಿರುಗಿಸಿದರೆ ಎರಡು ಕಠಾರಿ, ನಡುವೆ ಒಂದು ಟೋಪಿ. ಕೆಳಗೆ "ಈಡ್ ಮಾರ್" ಎಂಬ ಅಕ್ಷರಗಳು. ಅಂದರೆ ಮಾರ್ಚ್ 15, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್‌ನನ್ನು ಕೊಂದ ದಿನ. ಆ ಟೋಪಿ ಬಿಡುಗಡೆಯಾದ ಗುಲಾಮರು ಹಾಕುತ್ತಿದ್ದದ್ದು. ರೋಮ್ ಜನರನ್ನು ನಾವು ಬಿಡಿಸಿದೆವು ಅನ್ನುವುದು ಬ್ರೂಟಸ್‌ನ ವಾದ. ಕಠಾರಿಗಳನ್ನು ಹತ್ತಿರದಿಂದ ನೋಡಿದರೆ ಎರಡರ ಹಿಡಿಯೂ ಒಂದೇ ಥರ ಇಲ್ಲ. ಒಂದು ಬ್ರೂಟಸ್‌ನದು, ಇನ್ನೊಂದು ಅವನ ಜೊತೆಗಾರ ಕ್ಯಾಸಿಯಸ್‌ನದು ಅಂತ ಹಲವರ ಅಭಿಪ್ರಾಯ.

ಒಂದು ಕೊಲೆಯನ್ನು ತಾರೀಖು ಹಾಕಿ, ಆಯುಧ ತೋರಿಸಿ, ಹೆಮ್ಮೆಯಿಂದ ನಾಣ್ಯಕ್ಕೆ ಹಾಕಿಸಿದ ಉದಾಹರಣೆ ಬೇರೆ ನನಗೆ ಗೊತ್ತಿಲ್ಲ. ಇನ್ನೂ ಒಂದು ವಿಚಿತ್ರ ಇದೆ. ಬದುಕಿದ್ದಾಗಲೇ ತನ್ನ ಮುಖವನ್ನು ರೋಮ್‌ನ ನಾಣ್ಯದ ಮೇಲೆ ಹಾಕಿಸಿಕೊಂಡ ಮೊದಲ ರೋಮನ್ ಸೀಸರ್. ಅವನು ರಾಜನಾಗಲು ಹೊರಟಿದ್ದಾನೆ ಅಂತ ಕೊಂದ ಬ್ರೂಟಸ್, ಎರಡೇ ವರ್ಷದಲ್ಲಿ ತಾನೂ ಅದನ್ನೇ ಮಾಡಿದ. ಮುಂದೆ ಇತಿಹಾಸಕಾರ ಡಿಯೋ ಕ್ಯಾಸಿಯಸ್ ಟೋಪಿ ಮತ್ತು ಎರಡು ಕಠಾರಿ ಇರುವ ಈ ನಾಣ್ಯವನ್ನು ತನ್ನ ಗ್ರಂಥದಲ್ಲಿ ಹೆಸರಿಸಿ ಹೇಳಿದ್ದಾನೆ. ಪ್ರಾಚೀನ ಲೇಖಕನೊಬ್ಬ ಒಂದು ನಾಣ್ಯವನ್ನು ಹೀಗೆ ವರ್ಣಿಸುವುದು ತೀರಾ ಅಪರೂಪ.

ಇದನ್ನು ಹೊಡೆದದ್ದು ಕ್ರಿ.ಪೂ. 42ರಲ್ಲಿ, ಬ್ರೂಟಸ್‌ನ ಸೈನ್ಯದ ಜೊತೆಗೇ ಸಾಗುತ್ತಿದ್ದ ಟಂಕಸಾಲೆಯಲ್ಲಿ. ಸೈನಿಕರಿಗೆ ಸಂಬಳ ಕೊಡಬೇಕಿತ್ತು. ಅದೇ ಅಕ್ಟೋಬರ್‌ನಲ್ಲಿ ಈಗಿನ ಉತ್ತರ ಗ್ರೀಸ್‌ನಲ್ಲಿರುವ ಫಿಲಿಪ್ಪಿ ಬಳಿ ಸೀಸರ್ ಕಡೆಯ ಆಂಟನಿ ಮತ್ತು ಆಕ್ಟೇವಿಯನ್ ಎದುರು ಅವನ ಸೈನ್ಯ ಸೋತಿತು. ಬ್ರೂಟಸ್ ತನ್ನನ್ನು ತಾನೇ ಕೊಂದುಕೊಂಡ. ನಾಣ್ಯ ಚಲಾವಣೆಯಲ್ಲಿದ್ದದ್ದು ಅಷ್ಟು ಕಡಿಮೆ ಕಾಲ. ಆಮೇಲೆ ಗೆದ್ದವರ ಆಳ್ವಿಕೆಯಲ್ಲಿ ಇದನ್ನು ಕೈಯಲ್ಲಿ ಇಟ್ಟುಕೊಳ್ಳುವುದೇ ಅಪಾಯ.

ಬೆಳ್ಳಿಯಲ್ಲಿ ಇದು ಹತ್ತಾರು ಉಳಿದಿವೆ. ಚಿನ್ನದಲ್ಲಿ? 1989ರಲ್ಲಿ ಹರ್ಬರ್ಟ್ ಕಾನ್ ಎಂಬ ವಿದ್ವಾಂಸರು ಈ ನಾಣ್ಯದ ಪಟ್ಟಿ ಮಾಡಿದಾಗ ಸಿಕ್ಕದ್ದು ಎರಡೇ. ಒಂದು ಜರ್ಮನಿಯ ಕೇಂದ್ರ ಬ್ಯಾಂಕಿನ ಸಂಗ್ರಹದಲ್ಲಿದೆ. ಇನ್ನೊಂದಕ್ಕೆ ತೂತು ಕೊರೆದಿದೆ. ಅದು ಖಾಸಗಿಯವರದಾದರೂ ಹಲವು ವರ್ಷ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕಿತ್ತು. 2020ರಲ್ಲಿ ಲಂಡನ್ನಿಗೆ ಬಂದದ್ದು ಮೂರನೆಯದು. ಆ ಮೂರರಲ್ಲಿ ಸ್ಥಿತಿ ನೋಡಿದರೆ ಇದೇ ಚೆಂದ. ಹೆಚ್ಚು ಸವೆದಿಲ್ಲ, ತೂತಿಲ್ಲ.

ಇಲ್ಲೇ ಪ್ರಶ್ನೆ ಏಳಬೇಕಿತ್ತು. ನಾಣ್ಯಶಾಸ್ತ್ರದಲ್ಲಿ ಇದಕ್ಕಿಂತ ಜಾಸ್ತಿ ಜನ ಹುಡುಕಿದ ರೋಮನ್ ನಾಣ್ಯ ಇಲ್ಲ. ಅದರ ಮೂರನೇ ಚಿನ್ನದ ಪ್ರತಿ ಒಂದು ಹಳೆಯ ಶ್ರೀಮಂತ ಮನೆತನದಲ್ಲಿ ಇದ್ದಿದ್ದರೆ ಯಾವ ಪಟ್ಟಿಗೂ, ಯಾವ ಫೋಟೋಗೂ, ಯಾವ ವಿದ್ವಾಂಸರ ಕಣ್ಣಿಗೂ ಹೇಗೆ ಬೀಳದೆ ಉಳಿಯಿತು?

ಕ್ಯಾಟಲಾಗಿನಲ್ಲಿ ಬರೆದದ್ದು

ಕ್ಯಾಟಲಾಗಿನಲ್ಲಿ ಉತ್ತರ ಇತ್ತು. ಇದು ಸ್ವಿಟ್ಜರ್ಲೆಂಡಿನ ಒಬ್ಬ ಬ್ಯಾರನ್‌ರ, ಅಂದರೆ ಕುಲೀನ ಮನೆತನದವರ, ಸಂಗ್ರಹದ್ದು, ಅದಕ್ಕೆ ಮೂಲ ದೃಢೀಕರಣ ಪತ್ರವೂ ಜೊತೆಗಿದೆ ಅಂತ. ಒಂದೇ ಸಾಲು. ಯಾವ ವರ್ಷ ಕೊಂಡರು, ಯಾರಿಂದ ಕೊಂಡರು, ಮೊದಲು ಎಲ್ಲಿ ಮುದ್ರಣವಾಗಿತ್ತು ಅನ್ನುವುದಿಲ್ಲ.

ನಮ್ಮ ಊರಲ್ಲಿ ಒಂದು ಸೈಟು ಕೊಳ್ಳುವವರು ಮಾರುವವನ ಮಾತು ನಂಬಿ ಸುಮ್ನೆ ದುಡ್ಡು ಕೊಡಲ್ಲ. ಮದರ್ ಡೀಡ್ ಕೇಳುತ್ತಾರೆ, ಇಸಿ ತೆಗೆಸುತ್ತಾರೆ, ಯಾರಿಂದ ಯಾರಿಗೆ ಯಾವ ವರ್ಷ ಬಂತು ಅಂತ ಕೊಂಡಿ ತಪ್ಪದೆ ನೋಡುತ್ತಾರೆ. 31 ಕೋಟಿಯ ನಾಣ್ಯಕ್ಕೆ ಅಷ್ಟೂ ನಡೆಯಲಿಲ್ಲ. ನಾಣ್ಯ ಅಸಲಿಯೇ, ಸ್ಥಿತಿ ಹೇಗಿದೆ ಅನ್ನುವುದನ್ನು ಮಾತ್ರ ಪರಿಣತರು ಪರೀಕ್ಷಿಸಿ ದರ್ಜೆ ಕೊಟ್ಟಿದ್ದರು. ದರ್ಜೆ ಕೊಡುವ ಸಂಸ್ಥೆಯ ಕೆಲಸ ಅಷ್ಟೇ. ಮಾಲೀಕತ್ವ ಅವರು ನೋಡುವ ವಿಷಯ ಅಲ್ಲ. ಆದರೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಅಂಕ ಸಮೇತ ಕೂತ ನಾಣ್ಯ ನೋಡಿದರೆ ಎಲ್ಲ ಪರೀಕ್ಷೆಯೂ ಮುಗಿದಿದೆ ಅನ್ನುವ ಭಾವನೆ ಬಂದುಬಿಡುತ್ತದೆ. ಇದು ನನಗೆ ಬಹಳ ಕಳವಳ ತರುವ ವಿಷಯ.

ಜಾಡು ಹಿಡಿಯುವುದು ಅಂದರೆ

ಒಂದು ಹಳೆಯ ನಾಣ್ಯದ ಹಿಂದಿನ ಮಾಲೀಕರನ್ನು ನಿಜವಾಗಿ ಹುಡುಕುವುದು ಹೇಗೆ ಅಂತ ಇಲ್ಲಿ ಹೇಳಲೇಬೇಕು. ಯಾಕೆಂದರೆ ಆ ಕೆಲಸ ಗೊತ್ತಿದ್ದವರಿಗೆ ಕ್ಯಾಟಲಾಗಿನ ಆ ಸಾಲು ಎಷ್ಟು ಬಡಕಲು ಅನ್ನುವುದು ಕಾಣುತ್ತದೆ.

ರೋಮನ್ ನಾಣ್ಯ ಒಂದೊಂದೂ ಕೈಯಿಂದ ಹೊಡೆದದ್ದು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಲೋಹದ ಬಿಲ್ಲೆ, ಮೇಲಿಂದ ಸುತ್ತಿಗೆ ಏಟು. ಒಂದೇ ಅಚ್ಚಿನಲ್ಲಿ ಹೊಡೆದರೂ ಎರಡು ನಾಣ್ಯ ಒಂದೇ ಥರ ಬರಲ್ಲ. ಒಂದರಲ್ಲಿ ಚಿತ್ರ ಬಲಕ್ಕೆ ಸರಿದಿರುತ್ತದೆ, ಇನ್ನೊಂದರಲ್ಲಿ ಕೊನೆಯ ಅಕ್ಷರ ಅಂಚಿನಿಂದ ಹೊರಗೆ ಹೋಗಿರುತ್ತದೆ. ಅಂಚು ಒಂದು ಕಡೆ ಸೀಳಿರುತ್ತದೆ, ಇನ್ನೊಂದು ಕಡೆ ಚಪ್ಪಟೆ. ಈ ಅಂಚಿನ ಆಕಾರವೇ ನಾಣ್ಯದ ಗುರುತು. ಹಾಗಾಗಿ ಹಳೆಯ ಕ್ಯಾಟಲಾಗಿನಲ್ಲಿ ಒಂದು ಫೋಟೋ ಸಿಕ್ಕರೆ, ನಮ್ಮ ಕೈಯಲ್ಲಿರುವುದು ಅದೇ ನಾಣ್ಯವೇ ಅಂತ ಖಚಿತವಾಗಿ ಹೇಳಬಹುದು.

ಇಪ್ಪತ್ತನೇ ಶತಮಾನದ ಆರಂಭದಿಂದ ಯುರೋಪಿನ ದೊಡ್ಡ ಹರಾಜು ಕ್ಯಾಟಲಾಗುಗಳಲ್ಲಿ ಫೋಟೋ ಪುಟಗಳಿವೆ. ಆ ಫೋಟೋಗಳು ಬಹಳ ಸಲ ನಾಣ್ಯದ್ದಲ್ಲ, ಅದರಿಂದ ತೆಗೆದ ಪ್ಲಾಸ್ಟರ್ ಅಚ್ಚಿನದ್ದು. ಬೆಳಕಿನ ಹೊಳಪು ಅಡ್ಡ ಬರದಿರಲಿ ಅಂತ ಹಾಗೆ ಮಾಡುತ್ತಿದ್ದರು. ಅದರಲ್ಲಿ ಬಣ್ಣ ಕಾಣಲ್ಲ, ಕಪ್ಪುಗಟ್ಟಿದ್ದು ಕಾಣಲ್ಲ. ಆದರೆ ಅಂಚು ಮತ್ತು ಸವೆತ ಚೆನ್ನಾಗಿ ಕಾಣುತ್ತವೆ. ಇಂಥ ಕ್ಯಾಟಲಾಗುಗಳನ್ನು ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಟ್ಟಿದೆ. ಅಮೆರಿಕದ ನ್ಯೂಮನ್ ನ್ಯೂಮಿಸ್ಮ್ಯಾಟಿಕ್ ಪೋರ್ಟಲ್‌ನಲ್ಲೂ ಸಾವಿರಾರು ಸಿಗುತ್ತವೆ. ಚಿತ್ರ ಹೋಲಿಸುವ ಕೆಲಸವನ್ನು ಈಗ ಕಂಪ್ಯೂಟರ್ ಕೂಡ ಮಾಡುತ್ತದೆ. ಆದರೂ ಕೊನೆಯ ತೀರ್ಮಾನ ಕಣ್ಣಿನದೇ.

ಹೋಲಿಸುವಾಗ ಒಂದು ನಿಯಮ ಮರೆಯಬಾರದು. ಸವೆತ ಮುಂದಕ್ಕೆ ಮಾತ್ರ ಹೋಗುತ್ತದೆ. 1925ರ ಫೋಟೋದಲ್ಲಿ ಮೂಗು ಸವೆದಿದ್ದು ಇವತ್ತಿನ ನಾಣ್ಯದಲ್ಲಿ ಚೂಪಾಗಿದ್ದರೆ ಅದು ಬೇರೆ ನಾಣ್ಯ, ಇಲ್ಲಾ ಯಾರೋ ಕೆತ್ತಿದ್ದಾರೆ. ತೂತು ಮುಚ್ಚಿಸಬಹುದು, ಗೀರು ತೀಡಬಹುದು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫೋಟೋ ಇಲ್ಲದ ಹಳೆಯ ಕ್ಯಾಟಲಾಗುಗಳಲ್ಲಿ ತೂಕ ಕೊಟ್ಟಿದ್ದರೆ ಅದು ಒಂದು ಸುಳಿವು, ಅಷ್ಟೇ.

ಇನ್ನು ನಾಣ್ಯದ ಜೊತೆ ಬರುವ ಚೀಟಿಗಳು. ಹಿಂದಿನ ಸಂಗ್ರಾಹಕರು ತಮ್ಮ ಕೈಬರಹದಲ್ಲಿ ಸಣ್ಣ ಚೀಟಿ ಬರೆದು ನಾಣ್ಯದ ಕೆಳಗೆ ಇಡುತ್ತಿದ್ದರು. ಯಾರಿಂದ ಕೊಂಡದ್ದು, ಎಷ್ಟಕ್ಕೆ, ಯಾವ ತಾರೀಖು. ಓದಲು ತುಂಬ ಖುಷಿ ಕೊಡುವ ಕಾಗದ ಅದು. ಆದರೆ ಚೀಟಿ ನಾಣ್ಯಕ್ಕೆ ಅಂಟಿರಲ್ಲ. ಒಂದು ಬಡ ನಾಣ್ಯದ ಚೀಟಿಯನ್ನು ಎತ್ತಿ ಇನ್ನೊಂದರ ಕೆಳಗೆ ಇಟ್ಟರೆ ಕೇಳುವವರಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಪ್ರಕಟವಾದ ಒಂದು ಹಳೆಯ ಫೋಟೋ ಹತ್ತು ಚೀಟಿಗೆ ಸಮ.

ಬ್ರೂಟಸ್‌ನ ಮೂರನೇ ಚಿನ್ನದ ನಾಣ್ಯಕ್ಕೆ ಅಂಥ ಫೋಟೋ ಒಂದೂ ಇರಲಿಲ್ಲ. ಇದ್ದದ್ದು ಒಂದು ಪತ್ರ.

ಪತ್ರ ಬಂದ ದಾರಿ

ತನಿಖೆ ನಡೆಸಿದ್ದು ಮ್ಯಾನ್‌ಹಟನ್ ಜಿಲ್ಲಾ ಅಟಾರ್ನಿ ಕಚೇರಿಯ, ಅಂದರೆ ನ್ಯೂಯಾರ್ಕಿನ ಸರ್ಕಾರಿ ಅಭಿಯೋಜಕರ ಕಚೇರಿಯ, ಪ್ರಾಚೀನ ವಸ್ತುಗಳ ಕಳ್ಳಸಾಗಣೆ ತಡೆ ಘಟಕ. ಮ್ಯಾಥ್ಯೂ ಬೊಗ್ಡಾನೋಸ್ ಅದರ ಮುಖ್ಯಸ್ಥರು. ಅಮೆರಿಕದ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಅಧಿಕಾರಿಗಳೂ ಜೊತೆಗಿದ್ದರು.

ಅವರು ಕಂಡುಕೊಂಡ ಪ್ರಕಾರ ನಾಣ್ಯ 2015ರಲ್ಲೇ ನ್ಯೂಯಾರ್ಕಿಗೆ ಬಂದಿತ್ತು. ಅಲ್ಲಿ ಪ್ರತಿ ಜನವರಿಯಲ್ಲಿ ಒಂದು ದೊಡ್ಡ ನಾಣ್ಯ ಮೇಳ ನಡೆಯುತ್ತದೆ. ಅಲ್ಲಿ ಬೀಲ್ ಅದನ್ನು ಮಾರಲು ನೋಡಿದರು. ಆಗ ಅದಕ್ಕೆ ಬ್ಯಾರನ್ ಇರಲಿಲ್ಲ, ಪತ್ರ ಇರಲಿಲ್ಲ, ಯಾವ ಪೂರ್ವಾಪರವೂ ಇರಲಿಲ್ಲ. ವ್ಯಾಪಾರ ಕುದುರಲಿಲ್ಲ. ಐದು ವರ್ಷ ಬಿಟ್ಟು ಅದೇ ನಾಣ್ಯ ಪತ್ರದ ಸಮೇತ ಲಂಡನ್ನಿನಲ್ಲಿ ಹರಾಜಿಗೆ ಬಂತು. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ಪತ್ರ ಆಮೇಲೆ ಹುಟ್ಟಿದ್ದು ಅಂತ ಅರ್ಥವಾಗುತ್ತದೆ.

ಸುಳ್ಳು ದಾಖಲೆಗೆ ಸಹಿ ಹಾಕಿದರೆ 1 ಲಕ್ಷ ಸ್ವಿಸ್ ಫ್ರಾಂಕ್ ಕೊಡುವುದಾಗಿ ಬೀಲ್ ಹೇಳಿದ್ದರು ಅಂತ ಒಬ್ಬರು ತನಿಖಾಧಿಕಾರಿಗಳಿಗೆ ತಿಳಿಸಿದರು. ಅವರು ಸಹಿ ಹಾಕಿರಲಿಲ್ಲ. ಇದನ್ನು ಓದಿದಾಗ ನಾನು ಬಹಳ ಹೊತ್ತು ಯೋಚಿಸಿದ್ದೇನೆ. ಪೂರ್ವಾಪರಕ್ಕೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಇದೆ ಅನ್ನುವುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು. ಅಷ್ಟು ದುಡ್ಡು ಖರ್ಚು ಮಾಡಲು ತಯಾರಿದ್ದದ್ದು ನಾಣ್ಯಕ್ಕಲ್ಲ, ಅದರ ಬಗ್ಗೆ ಒಂದು ಮಾತಿಗೆ.

ಬ್ರೂಟಸ್ ನಾಣ್ಯ ಒಂದೇ ಅಲ್ಲ. ಅದೇ ಹರಾಜಿನಲ್ಲಿ ಸಿಸಿಲಿಯ ನಕ್ಸೋಸ್ ಪಟ್ಟಣದ ಒಂದು ಹಳೆಯ ಬೆಳ್ಳಿ ನಾಣ್ಯ 2 ಲಕ್ಷ 92 ಸಾವಿರ ಡಾಲರಿಗೆ ಹೋಗಿತ್ತು. ಅದರ ಹಿನ್ನೆಲೆಯೂ ಸುಳ್ಳು. 2017ರಲ್ಲಿ ಗಾಜಾ ತೀರದ ಕಡಲಲ್ಲಿ ಸಿಕ್ಕ ಅಲೆಕ್ಸಾಂಡರ್ ಕಾಲದ ಅಪರೂಪದ ದೊಡ್ಡ ಬೆಳ್ಳಿ ನಾಣ್ಯಗಳೂ ಪ್ರಕರಣದೊಳಗೆ ಬಂದವು.

2023ರ ಜನವರಿಯಲ್ಲಿ ಬೀಲ್ ಅವರನ್ನು ನ್ಯೂಯಾರ್ಕಿನಲ್ಲಿ ಬಂಧಿಸಿದರು. ಮುಂದಿನ ತಿಂಗಳು ನಾಣ್ಯ ವಶಕ್ಕೆ ಬಂತು. ಮಾರ್ಚ್ 21ರಂದು ಅದನ್ನು ಇನ್ನೂ 28 ಪ್ರಾಚೀನ ವಸ್ತುಗಳ ಜೊತೆ ಗ್ರೀಸ್‌ಗೆ ಒಪ್ಪಿಸಿದರು. ಆ 29 ವಸ್ತುಗಳ ಒಟ್ಟು ಬೆಲೆ 2 ಕೋಟಿ ಡಾಲರ್ ಅಂತ ಅಂದಾಜು. ಆಗಸ್ಟ್‌ನಲ್ಲಿ ಬೀಲ್ ಒಳಸಂಚು ಮತ್ತು ಕದ್ದ ಮಾಲು ಇಟ್ಟುಕೊಂಡ ಆರೋಪಗಳನ್ನು ಒಪ್ಪಿಕೊಂಡರು.

ಕೊಂಡವರ ಸ್ಥಿತಿ ಏನು? ಅವರ ಹೆಸರು ಹೊರಗೆ ಬರಲಿಲ್ಲ. ಅವರು ಬಹಿರಂಗ ಹರಾಜಿನಲ್ಲಿ ಬೆಲೆ ಕೊಟ್ಟು ಕೊಂಡವರು. ಆದರೂ ನಾಣ್ಯ ಅವರಿಗೆ ಉಳಿಯಲಿಲ್ಲ. ಕದ್ದ ಮಾಲಿಗೆ ಮಾರುವವನಿಗೇ ಹಕ್ಕಿಲ್ಲ ಅಂದಮೇಲೆ ಕೊಂಡವರಿಗೆ ಹಕ್ಕು ಹುಟ್ಟುವುದಿಲ್ಲ. ನ್ಯೂಯಾರ್ಕ್ ಕಾನೂನಿನ ನಿಲುವು ಅದೇ.

ಕಳೆದುಹೋದದ್ದು

ತನಿಖೆಯವರ ನಂಬಿಕೆ ಪ್ರಕಾರ, ಬ್ರೂಟಸ್ ಮತ್ತು ಕ್ಯಾಸಿಯಸ್ ಸೈನ್ಯ ಬೀಡು ಬಿಟ್ಟಿದ್ದ ಗ್ರೀಸ್‌ನ ಪ್ರದೇಶದಲ್ಲಿ, ಹತ್ತು ವರ್ಷಕ್ಕೂ ಹಿಂದೆ, ಯಾರೋ ಕದ್ದು ಅಗೆದಾಗ ಈ ನಾಣ್ಯ ಸಿಕ್ಕಿರಬೇಕು. ಗ್ರೀಸ್‌ನಲ್ಲಿ ನೆಲದಡಿಯ ಪ್ರಾಚೀನ ವಸ್ತು ಸರ್ಕಾರದ್ದು. ಹಾಗಾಗಿ ನಾಣ್ಯ ಗ್ರೀಸ್‌ಗೆ ಹೋದದ್ದು ಸರಿಯೇ. ನನಗೆ ಸಂತೋಷವೇ ಆಯಿತು.

ಆದರೆ ನಾಣ್ಯ ಮರಳಿದರೂ ಅದು ಬಿದ್ದಿದ್ದ ಜಾಗ ಮರಳಲ್ಲ. ಒಂಟಿಯಾಗಿ ಸಿಕ್ಕಿತೋ, ಕುಡಿಕೆಯಲ್ಲಿ ಬೇರೆ ನಾಣ್ಯಗಳ ಜೊತೆ ಇತ್ತೋ? ಸೈನಿಕನೊಬ್ಬನ ಚೀಲದ ಪಕ್ಕದಲ್ಲೋ, ಮನೆಯ ಗೋಡೆಯೊಳಗೋ? ಜೊತೆಗೆ ಬೆಳ್ಳಿಯವೂ ಇದ್ದವೋ? ಬ್ರೂಟಸ್‌ನ ಟಂಕಸಾಲೆ ಎಲ್ಲೆಲ್ಲಿ ಕೆಲಸ ಮಾಡಿತು, ಸಂಬಳ ಯಾರ ಕೈಗೆ ಹೋಯಿತು ಅನ್ನುವುದಕ್ಕೆ ಇವೇ ಸಾಕ್ಷಿ ಆಗಬಹುದಿತ್ತು. ಅಗೆದವರು ಹೇಳಲ್ಲ.

ಇದು ಎಷ್ಟು ದೊಡ್ಡ ನಷ್ಟ ಅಂತ ತಿಳಿಯಲು ನಮ್ಮ ಚಂದ್ರವಳ್ಳಿಯನ್ನು ನೆನೆಯಬೇಕು. ಚಿತ್ರದುರ್ಗದ ಬುಡದಲ್ಲಿ 1929ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಅಗೆಸಿದರು, 1947ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಅಲ್ಲಿ ರೋಮ್‌ನ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅದರಲ್ಲೊಂದು ಟೈಬೀರಿಯಸ್ ಚಕ್ರವರ್ತಿಯದು. ಹರಾಜಿಗೆ ಹಾಕಿದರೆ ಅಂಥದ್ದಕ್ಕೆ ಏನೂ ದೊಡ್ಡ ಬೆಲೆ ಬರಲ್ಲ, ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಾವಿರಗಟ್ಟಲೆ ಉಳಿದಿವೆ. ಆದರೆ ಅದು ಯಾವ ಪದರದಲ್ಲಿ, ಯಾವ ಮಡಕೆ ಚೂರುಗಳ ಜೊತೆ ಸಿಕ್ಕಿತು ಅನ್ನುವುದು ಬರೆದಿಟ್ಟಿದೆ. ಆ ಪದರದ ಕಾಲ ಹೇಳಲು, ಸಾತವಾಹನರ ಕಾಲದ ಈ ಊರಿಗೆ ದೂರದ ವ್ಯಾಪಾರದ ನಂಟಿತ್ತು ಅನ್ನಲು ಅದು ಆಧಾರವಾಯಿತು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೈಲು ದಾರಿ ಕೆಲಸದಲ್ಲಿ ಸಿಕ್ಕ 163 ಬೆಳ್ಳಿ ನಾಣ್ಯಗಳನ್ನೂ ಹೀಗೇ ನೆನೆಯಬಹುದು. ಅದು ಉತ್ಖನನ ಅಲ್ಲ, ಕೂಲಿ ಕೆಲಸದ ನಡುವೆ ಸಿಕ್ಕದ್ದು. ಆದರೂ ಎಲ್ಲಿ ಸಿಕ್ಕಿತು, ಎಷ್ಟು ಸಿಕ್ಕಿತು ಅನ್ನುವುದಿದೆ. ಒಟ್ಟು ಲೆಕ್ಕ ಉಳಿಯಿತು.

ತೂತಿರುವ ಎರಡನೇ ಚಿನ್ನದ ಬ್ರೂಟಸ್ ನಾಣ್ಯದ ಕಥೆಯನ್ನೂ ಹೇಳಿಬಿಡುತ್ತೇನೆ. ಅದು 2022ರಲ್ಲಿ ಜ್ಯೂರಿಕ್‌ನಲ್ಲಿ ಹರಾಜಾಯಿತು. ಯಾರೋ ಅದನ್ನು ಕೊರಳಿಗೆ ಹಾಕಿಕೊಳ್ಳಲು ತಲೆಯ ಮೇಲ್ಭಾಗದಲ್ಲಿ ಕೊರೆದಿದ್ದಾರೆ, ಬಹುಶಃ ಬ್ರೂಟಸ್‌ನ ಅಭಿಮಾನಿಯೇ. ಬೆಲೆ 2020ರದ್ದರ ಅರ್ಧದಷ್ಟು. ಆದರೆ ಅದನ್ನು ವಿದ್ವಾಂಸರು ದಶಕಗಳಿಂದ ಬಲ್ಲರು, ಮ್ಯೂಸಿಯಮ್ಮಿನ ಗಾಜಿನ ಹಿಂದೆ ಜನ ನೋಡಿದ್ದಾರೆ. ಕೊಂಡವರು ನೆಮ್ಮದಿಯಾಗಿದ್ದಾರೆ. ದುಡ್ಡಿದ್ದರೆ ಇವೆರಡರಲ್ಲಿ ನಾನು ಕೊಳ್ಳುತ್ತಿದ್ದದ್ದು ತೂತಿನ ನಾಣ್ಯವನ್ನೇ.

ನಮ್ಮ ಸಂಗ್ರಾಹಕರಿಗೆ

ಕೋಟಿಗಳ ಮಾತು ಬಿಡಿ. ಬೆಂಗಳೂರಿನ ನಾಣ್ಯ ಮೇಳದಲ್ಲಿ ನಾಲ್ಕು ಸಾವಿರಕ್ಕೆ ಒಂದು ರೋಮನ್ ನಾಣ್ಯ ತೋರಿಸಿದರೂ ಇದೇ ಪ್ರಶ್ನೆ ಕೇಳಿ. ಬಿಲ್ಲು ಕೊಡುತ್ತಾರಾ? ಅದರಲ್ಲಿ ನಾಣ್ಯದ ಫೋಟೋ, ತೂಕ, ಯಾರಿಂದ ಬಂತು ಅನ್ನುವುದು ಇರುತ್ತದಾ? "ಹಳೇ ಕಲೆಕ್ಷನ್ ಸಾರ್" ಅಂದರೆ ಯಾರದ್ದು, ಯಾವಾಗಿನದ್ದು ಅಂತ ಮುಂದಕ್ಕೆ ಕೇಳಿ. ಹೆಸರು, ವರ್ಷ ಬಾರದಿದ್ದರೆ ಆ ಮಾತಿಗೆ ತೂಕ ಇಲ್ಲ. ಮಣ್ಣು ಇನ್ನೂ ಅಂಟಿಕೊಂಡಿರುವ ನಾಣ್ಯಗಳು ಒಂದೇ ಸಲ ಹತ್ತಿಪ್ಪತ್ತು ಬಂದರೆ ದೂರ ಇರುವುದೇ ಒಳ್ಳೆಯದು.

ಕಾನೂನೂ ಗೊತ್ತಿರಲಿ. 1972ರ ಕೇಂದ್ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚೀನ ವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ರೋಮ್‌ನಲ್ಲಿ ಹೊಡೆದದ್ದಾದರೂ ಅಷ್ಟೇ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನುವುದು 1878ರಿಂದ ಬಂದ ನಿಯಮ.

ಮನೆಯಲ್ಲಿ ಅಜ್ಜನ ಡಬ್ಬಿಯಲ್ಲಿ ಹಳೆಯ ನಾಣ್ಯಗಳಿದ್ದರೆ ಈ ವಾರವೇ ಒಂದು ಕೆಲಸ ಮಾಡಿ. ಎರಡೂ ಬದಿ ಮತ್ತು ಅಂಚು ಕಾಣುವಂತೆ ಫೋಟೋ ತೆಗೆಯಿರಿ. ತೂಕ ಹಾಕಿ ಬರೆಯಿರಿ. ಅಜ್ಜನಿಗೆ ಅದು ಯಾರಿಂದ, ಯಾವ ಊರಲ್ಲಿ ಬಂತು ಅಂತ ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಅವರ ಹೆಸರು ಮತ್ತು ತಾರೀಖಿನ ಸಮೇತ ಬರೆದಿಡಿ. ಹಳೆಯ ಪೊಟ್ಟಣ, ಚೀಟಿ ಇದ್ದರೆ ಎಸೆಯಬೇಡಿ. ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ.